ತೂಕ ಇಳಿದಿದೆ, ಆದರೆ ರಿಪೋರ್ಟ್ ನೋಡಿ ಗಾಬರಿ: ಅನುಭವ ಇದ್ದವರು ಹೇಳಿ

ಪ್ರಶ್ನೆ

ನನ್ನ ತೂಕ 94 ಕಿಲೋ ಇತ್ತು. ಊಟ ಕಡಿಮೆ ಮಾಡಿ, ದಿನಾ ನಡೆದು ಈಗ 83ಕ್ಕೆ ಬಂದಿದ್ದೇನೆ. ಇನ್ನೂ ಇಳಿಯುತ್ತಿದೆ. ಖುಷಿಯಲ್ಲೇ ರಕ್ತಪರೀಕ್ಷೆ ಮಾಡಿಸಿದೆ. ರಕ್ತದಲ್ಲಿರುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 240ರಿಂದ 130ಕ್ಕೆ ಬಂದಿದೆ. ಆದರೆ ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 41 ಇದ್ದದ್ದು 36 ಆಗಿದೆ. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಸ್ವಲ್ಪ ಏರಿದೆ. ಯೂರಿಕ್ ಆಸಿಡ್ 7.9. ಇಷ್ಟು ಕಷ್ಟಪಟ್ಟು ಒಳಗೆ ಏನಾದರೂ ಕೆಡಿಸಿಕೊಳ್ಳುತ್ತಿದ್ದೇನಾ? ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ: ಇಪ್ಪತ್ತು ಕಿಲೋ ಇಳಿಸಿ ಅಲ್ಲೇ ಉಳಿಸಿಕೊಂಡವರು

ನಿಮ್ಮ ರಿಪೋರ್ಟ್ ಓದಿದಾಗ ನನ್ನದೇ ಹಳೇ ರಿಪೋರ್ಟ್ ನೋಡಿದ ಹಾಗಾಯಿತು. ಮೊದಲು ಒಂದು ಮಾತು. ತೂಕ ಇಳಿಯುತ್ತಿರುವಾಗ ತೆಗೆದ ರಕ್ತ ಬೇರೆ, ಇಳಿದು ನಿಂತ ಮೇಲೆ ತೆಗೆದ ರಕ್ತ ಬೇರೆ. ನಿಮ್ಮದು ಮೊದಲನೆಯದು. ಅದರ ಮೇಲೆ ಈಗಲೇ ತೀರ್ಪು ಬೇಡ.

ಟ್ರೈಗ್ಲಿಸರೈಡ್ ಎಲ್ಲಕ್ಕಿಂತ ಮೊದಲು ಇಳಿಯುತ್ತದೆ. ಜಾಸ್ತಿಯಾದ ಆಹಾರವನ್ನು ಲಿವರ್ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಸಕ್ಕರೆ, ಮದ್ಯ ಇದ್ದರೆ ಇನ್ನೂ ಜಾಸ್ತಿ. ತಿನ್ನುವುದು ಕಡಿಮೆಯಾದ ಕೂಡಲೇ ಆ ಕೆಲಸ ತಗ್ಗುತ್ತದೆ. ಖಾಲಿ ಹೊಟ್ಟೆಯಲ್ಲಿ 150ಕ್ಕಿಂತ ಕೆಳಗಿದ್ದರೆ ಸರಿ ಅನ್ನುತ್ತಾರೆ, ನೀವು ಅಲ್ಲಿಗೆ ಬಂದಾಗಿದೆ.

ಎಚ್‌ಡಿಎಲ್ ವಿಷಯ ಉಲ್ಟಾ. ತೂಕ ಇಳಿಯುವ ತಿಂಗಳುಗಳಲ್ಲಿ ಅದು ಸ್ವಲ್ಪ ಬೀಳುವುದುಂಟು. ತೂಕ ಒಂದು ಕಡೆ ನಿಂತ ಮೇಲೆ ಮೊದಲಿಗಿಂತ ಮೇಲೆ ಹೋಗುತ್ತದೆ. 1992ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗಲೂ ಇದೇ ಕಂಡಿತ್ತು. ನನ್ನದೂ ಹಾಗೇ ಬಿದ್ದು, ತೂಕ ನಿಂತ ಮೇಲೆ ಏರಿತು.

ಎಲ್‌ಡಿಎಲ್‌ಗೆ ಎರಡು ಕಾರಣ ಇರಬಹುದು. ನಮ್ಮ ಕೊಬ್ಬಿನ ಕೋಶಗಳಲ್ಲಿ ಕೊಲೆಸ್ಟ್ರಾಲ್ ಕೂಡ ಕೂತಿರುತ್ತದೆ. ಕೋಶ ಕುಗ್ಗಿದಾಗ ಅದು ರಕ್ತಕ್ಕೆ ಬರುತ್ತದೆ. ಇನ್ನೊಂದು ಲೆಕ್ಕದ ವಿಷಯ. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತವೆ. ಇದು 1972ರಿಂದ ಬಳಕೆಯಲ್ಲಿರುವ ಫ್ರೀಡ್‌ವಾಲ್ಡ್ ಸೂತ್ರ. ನಿಮಗೆ ಮೊದಲು 48 ಕಳೆಯುತ್ತಿದ್ದರು, ಈಗ 26 ಮಾತ್ರ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಈ ಲೆಕ್ಕ ಎಲ್‌ಡಿಎಲ್ ಅನ್ನು ಕಡಿಮೆ ತೋರಿಸುವುದೂ ಉಂಟು. ಹಾಗಾಗಿ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಮಾತ್ರ ಕಳೆದು, ಹಳೇದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ ಸಂಖ್ಯೆ ಇಳಿದಿದ್ದರೆ ನನಗೇನೂ ಆತಂಕ ಇಲ್ಲ.

ಆದರೆ ತೂಕ ನಿಂತ ಮೇಲೂ ಎಲ್‌ಡಿಎಲ್ ಮೇಲೇ ಇದ್ದರೆ ಸುಮ್ನೆ ಬಿಡಬೇಡಿ. ತೂಕ ಇಳಿಸಿದರೆ ಟ್ರೈಗ್ಲಿಸರೈಡ್ ಇಳಿಯುವಷ್ಟು ಎಲ್‌ಡಿಎಲ್ ಇಳಿಯುವುದಿಲ್ಲ. ಕೆಲವರಿಗೆ ಅದು ವಂಶದಿಂದಲೇ ಬಂದಿರುತ್ತದೆ. ತೆಳ್ಳಗಾದೆ ಅಂತ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದವರನ್ನು ನೋಡಿ ಬೇಜಾರಾಗಿದೆ.

ಉತ್ತರ: ಹೆಬ್ಬೆರಳು ಊದಿ ಒದ್ದಾಡಿದವರು

ಯೂರಿಕ್ ಆಸಿಡ್ 7.9 ಅಂದಿರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಬೇಗ ಬೇಗ ತೂಕ ಇಳಿಯುವಾಗ ದೇಹ ಕೊಬ್ಬು ಸುಟ್ಟು ಕೀಟೋನ್ ಅನ್ನುವ ವಸ್ತು ಮಾಡುತ್ತದೆ. ಕೀಟೋನ್ ಜಾಸ್ತಿಯಾದಾಗ ಕಿಡ್ನಿ ಯೂರಿಕ್ ಆಸಿಡ್ ಅನ್ನು ಹೊರಹಾಕುವುದು ಕಡಿಮೆಯಾಗುತ್ತದೆ. ನನಗೆ ಆ ಸಮಯದಲ್ಲೇ ಗೌಟ್ ಬಂತು, ಅಂದರೆ ಯೂರಿಕ್ ಆಸಿಡ್ ಗಂಟಿನಲ್ಲಿ ಸೇರಿ ಊದಿಕೊಳ್ಳುವುದು. ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ಡಾಕ್ಟರ್ ಔಷಧಿ ಕೊಟ್ಟರು, ಉಪವಾಸ ನಿಲ್ಲಿಸಿ ನಿಧಾನಕ್ಕೆ ಇಳಿಸಿ, ನೀರು ಚೆನ್ನಾಗಿ ಕುಡಿಯಿರಿ ಅಂದರು. ತೂಕ ನಿಂತ ಮೇಲೆ ಯೂರಿಕ್ ಆಸಿಡ್ ಮೊದಲಿಗಿಂತಲೂ ಕೆಳಗೆ ಬಂತು.

ವಾರಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ ಇಳಿಯುತ್ತಿದ್ದರೆ ಪಿತ್ತಕೋಶದಲ್ಲಿ ಕಲ್ಲಾಗುವ ಭಯವೂ ಇದೆ. ಊಟದ ನಂತರ ಬಲಪಕ್ಕೆಯ ಕೆಳಗೆ ನೋವು ಬಂದರೆ ತಡಮಾಡಬೇಡಿ.

ಉತ್ತರ: ಲ್ಯಾಬ್‌ನಲ್ಲಿ ಕೆಲಸ ಮಾಡುವವರು

ಎರಡು ರಿಪೋರ್ಟ್ ಹೋಲಿಸುವ ಮುಂಚೆ ಎರಡೂ ಒಂದೇ ಲ್ಯಾಬ್‌ನದಾ, ಎರಡೂ ಖಾಲಿ ಹೊಟ್ಟೆಯದಾ ಅಂತ ನೋಡಿ. ಟ್ರೈಗ್ಲಿಸರೈಡ್ ಒಬ್ಬರಲ್ಲೇ ದಿನದಿಂದ ದಿನಕ್ಕೆ ಬಹಳ ಏರಿಳಿಯುತ್ತದೆ. 130 ಇದ್ದದ್ದು 150 ಆಯಿತು ಅಂತ ನಿದ್ದೆಗೆಡಬೇಕಿಲ್ಲ. ಆದರೆ 240ರಿಂದ 130 ಅಂದರೆ ನಿಜವಾದ ಇಳಿಕೆ.

ಜಿಮ್‌ನಲ್ಲಿ ಭಾರ ಎತ್ತಿದ ಮರುದಿನ ರಕ್ತ ಕೊಡಬೇಡಿ. ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಸ್ನಾಯುವಿನಿಂದಲೂ ಬರುತ್ತವೆ. ಲಿವರ್ ಕೆಟ್ಟಿದೆ ಅಂತ ಹೆದರಿ ಬಂದವರಲ್ಲಿ ಹಿಂದಿನ ದಿನದ ವ್ಯಾಯಾಮವೇ ಕಾರಣ ಆಗಿದ್ದುಂಟು. ಜ್ವರ, ನೆಗಡಿ ಇದ್ದಾಗ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆ ಮಾಡಿಸಿದರೂ ಅಷ್ಟೇ. ಬೊಜ್ಜಿನಿಂದ ಆಗುವ ಸಣ್ಣ ಉರಿಯೂತವನ್ನು ತಿಳಿಯಲು ಅದನ್ನು ನೋಡುತ್ತಾರೆ. 10 ದಾಟಿದ್ದರೆ ಸಾಮಾನ್ಯವಾಗಿ ಸೋಂಕೋ ಗಾಯವೋ ಇರುತ್ತದೆ, ವಾಸಿಯಾದ ಮೇಲೆ ಮತ್ತೆ ಮಾಡಿಸಿ.

ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುತ್ತದೆ, ಯಾಕಂದರೆ ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಮೂರು ವಾರ ಪಥ್ಯ ಮಾಡಿ ಅದನ್ನು ಮಾಡಿಸಿದರೆ ಹಳೇ ಕಥೆಯೇ ಜಾಸ್ತಿ ಕಾಣುತ್ತದೆ. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಜೊತೆಗೇ ನೋಡಿಕೊಳ್ಳಿ.

ಉತ್ತರ: ಮನೆಯವರಿಗೆ ಶುಗರ್ ಇರುವವರು

ನಮ್ಮ ಮನೆಯವರು ತೂಕ ಇಳಿಸುವ ಮುಂಚೆಯೇ ಡಾಕ್ಟರ್ ಮಾತ್ರೆ ಕಡಿಮೆ ಮಾಡಿದರು. ಇದು ಬಹಳ ಮುಖ್ಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರದ ಮಾತ್ರೆ ತಗೊಂಡು ಊಟ ಇಳಿಸಿದರೆ ಶುಗರ್ ಅಪಾಯದ ಮಟ್ಟಕ್ಕೆ ಬೀಳಬಹುದು.

ಭರವಸೆಯ ಮಾತೂ ಇದೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಟೈಪ್ 2 ಶುಗರ್ ಬಂದು ಆರು ವರ್ಷದೊಳಗಿನವರಿಗೆ ತೂಕ ಇಳಿಸಲು ನೆರವು ಕೊಟ್ಟರು. ಒಂದು ವರ್ಷದ ಕೊನೆಗೆ 46% ಜನರ ಎಚ್‌ಬಿಎ1ಸಿ ಮಾತ್ರೆ ಇಲ್ಲದೆ 6.5ಕ್ಕಿಂತ ಕೆಳಗಿತ್ತು. 15 ಕಿಲೋ ಅಥವಾ ಜಾಸ್ತಿ ಇಳಿಸಿದವರಲ್ಲಿ ಅದು 86%. ಲಿವರ್, ಪ್ಯಾಂಕ್ರಿಯಾಸ್‌ನಲ್ಲಿ ಸೇರಿದ ಕೊಬ್ಬು ಕರಗುವುದೇ ಇದಕ್ಕೆ ಕಾರಣ ಅನ್ನುತ್ತಾರೆ. ಅಷ್ಟು ಇಳಿಸಲು ಆಗದಿದ್ದರೂ 5% ಇಳಿದರೆ ಇನ್ಸುಲಿನ್ ಕೆಲಸ ಮಾಡುವ ರೀತಿ ಸುಧಾರಿಸುತ್ತದೆ.

ನಡುವೆ ಒಂದು ಪ್ರಶ್ನೆ

ಹಾಗಾದರೆ ಹೊಟ್ಟೆಯ ಕೊಬ್ಬನ್ನು ಲೈಪೊಸಕ್ಷನ್ ಮಾಡಿ ತೆಗೆಸಿದರೆ ಇದೆಲ್ಲ ಒಮ್ಮೆಗೇ ಸರಿಹೋಗಲ್ವಾ?

ಉತ್ತರ: ಇಪ್ಪತ್ತು ಕಿಲೋ ಇಳಿಸಿದವರು

ಹೋಗುವುದಿಲ್ಲ. 2004ರಲ್ಲಿ ಅಮೆರಿಕದಲ್ಲಿ 15 ಮಹಿಳೆಯರ ಮೇಲೆ ಇದನ್ನೇ ನೋಡಿದರು. ಚರ್ಮದ ಕೆಳಗಿನ ಸುಮಾರು 10 ಕಿಲೋ ಕೊಬ್ಬು ಹೀರಿ ತೆಗೆದರೂ ಶುಗರ್, ಇನ್ಸುಲಿನ್, ಕೊಲೆಸ್ಟ್ರಾಲ್, ಸಿಆರ್‌ಪಿ ಯಾವುದೂ ಸುಧಾರಿಸಲಿಲ್ಲ. ಲಿವರ್‌ನಲ್ಲಿರುವ ಕೊಬ್ಬು ಹಾಗೇ ಉಳಿಯಿತು, ಉಳಿದ ಕೋಶಗಳೂ ಕುಗ್ಗಲಿಲ್ಲ. ಕಡಿಮೆ ತಿಂದು ಇಳಿಸಿದಾಗ ಆಗುವ ಬದಲಾವಣೆಯೇ ಬೇರೆ.

ಉತ್ತರ: ಇಳಿದ ತೂಕ ಮತ್ತೆ ಏರಿದವರು

ತೂಕ ಇಳಿದ ಮೇಲೆ ಹಸಿವು ಜಾಸ್ತಿಯಾದರೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಕೊಬ್ಬಿನ ಕೋಶ ಬಿಡುವ ಲೆಪ್ಟಿನ್ ಅನ್ನುವ ಹಾರ್ಮೋನ್ ಮಿದುಳಿಗೆ ‘ಸಾಕು’ ಅನ್ನುತ್ತದೆ. ಕೊಬ್ಬು ಇಳಿದಾಗ ಅದೂ ಇಳಿಯುತ್ತದೆ. ಒಂದು ವರ್ಷ ಕಳೆದರೂ ಈ ಬದಲಾವಣೆ ಉಳಿದಿರುತ್ತದೆ. ನನಗೆ ತೂಕ ಅರ್ಧ ವಾಪಸ್ ಬಂದಾಗ ಟ್ರೈಗ್ಲಿಸರೈಡ್ ಜೊತೆಯಲ್ಲೇ ಏರಿತು. ಈಗ ಡಾಕ್ಟರ್ ಸಹಾಯದಲ್ಲಿ ಮತ್ತೆ ಇಳಿಸುತ್ತಿದ್ದೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಚ್‌ಡಿಎಲ್ ಕಳೆದು ನೋಡಿದೆ, ಮೊದಲಿಗಿಂತ ಕಡಿಮೆಯೇ ಇದೆ! ಯೂರಿಕ್ ಆಸಿಡ್ ಬಗ್ಗೆ ಡಾಕ್ಟರ್ ಹತ್ತಿರ ಈ ವಾರವೇ ಹೋಗುತ್ತೇನೆ. ಫಾಸ್ಟಿಂಗ್ ಇನ್ಸುಲಿನ್ ಕೂಡ ಮಾಡಿಸಲಾ?

ಉತ್ತರ: ಲ್ಯಾಬ್‌ನಲ್ಲಿ ಕೆಲಸ ಮಾಡುವವರು

ಡಾಕ್ಟರ್ ಕೇಳಿದರೆ ಮಾತ್ರ ಮಾಡಿಸಿ. ಇನ್ಸುಲಿನ್ ಅಳೆಯುವ ವಿಧಾನ ಲ್ಯಾಬ್‌ನಿಂದ ಲ್ಯಾಬ್‌ಗೆ ಬೇರೆ, ಅದರ ಸಂಖ್ಯೆ ಹೋಲಿಸುವುದು ಕಷ್ಟ. ಸೊಂಟದ ಅಳತೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಖಾಲಿ ಹೊಟ್ಟೆಯ ಶುಗರ್ ಇಷ್ಟರಲ್ಲೇ ಬಹಳಷ್ಟು ಗೊತ್ತಾಗುತ್ತದೆ. ತೂಕ ಕೆಲವು ವಾರ ಒಂದೇ ಕಡೆ ನಿಂತ ಮೇಲೆ ಇದೇ ಲ್ಯಾಬ್‌ನಲ್ಲಿ, ಬೆಳಗ್ಗೆ ಇದೇ ಹೊತ್ತಿಗೆ ಮತ್ತೆ ಮಾಡಿಸಿ, ಇಲ್ಲೇ ಬರೆಯಿರಿ.