ಹಲಗೆಯ ಮೇಲೆ ಚೆಲ್ಲಿದ ಬಣ್ಣದಲ್ಲಿ ರಾಜಕುಮಾರ

ಮಲೆನಾಡಿನ ಅಜ್ಜಿ:
ಮಗಳು ಗ್ಲಾಸ್ಗೋದಲ್ಲಿದ್ದಾಳೆ. ಹೋದ ತಿಂಗಳು ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದಳು. ಜಡಿಮಳೆ. ಕೊಡೆ ಮಡಚಲು ಜಾಗ ಸಿಕ್ಕಿತಲ್ಲ ಎಂದು ವೆಸ್ಟ್ ಹೈಲೆಂಡ್ ವಸ್ತುಸಂಗ್ರಹಾಲಯದೊಳಗೆ ನುಗ್ಗಿದೆವು. ಅಲ್ಲೊಂದು ಮರದ ಹಲಗೆ. ಅದರ ಮೇಲೆ ಮೊಮ್ಮಗ ಚೆಲ್ಲಿದಂತೆ ಬಣ್ಣ. ಅದರ ಮೇಲಿಟ್ಟ ಹೊಳೆಯುವ ಲೋಹದ ಕೊಳವೆಯ ಹೊರಮೈಯಲ್ಲಿ ಪ್ರತಿಬಿಂಬ ನೋಡಿದರೆ ಯುವಕನೊಬ್ಬನ ಮುಖ! ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಅಂತೆ. ಇಷ್ಟು ಕಷ್ಟವೇಕೆ? ಚಿತ್ರವನ್ನು ಅಟ್ಟದಲ್ಲಿ ಬಚ್ಚಿಟ್ಟಿದ್ದರೆ ಸಾಕಾಗುತ್ತಿರಲಿಲ್ಲವೇ?

ಗಾಜಿನ ಹುಚ್ಚ:
ಅಟ್ಟದಲ್ಲಿದ್ದವನಿಗೆ ಊಟದ ಮೇಜಿನಲ್ಲಿ ಮರ್ಯಾದೆ ಸಲ್ಲಿಸುವುದು ಹೇಗಮ್ಮ? ಈತ 1688ರಲ್ಲಿ ದೇಶ ಬಿಟ್ಟು ಓಡಿದ ಇಂಗ್ಲೆಂಡ್-ಸ್ಕಾಟ್ಲೆಂಡ್‌ಗಳ ರಾಜ ಎರಡನೇ ಜೇಮ್ಸ್‌ನ ಮೊಮ್ಮಗ. ಜೇಮ್ಸ್ ಎಂದರೆ ಲ್ಯಾಟಿನ್‌ನಲ್ಲಿ ಜಾಕೋಬಸ್, ಆದ್ದರಿಂದ ಆ ವಂಶಕ್ಕೇ ಸಿಂಹಾಸನ ಮರಳಬೇಕೆಂದವರು ಜಾಕೋಬೈಟರು. 1745ರಲ್ಲಿ ದಂಗೆ ಎಬ್ಬಿಸಿ, 1746ರ ಏಪ್ರಿಲ್ 16ರಂದು ಕಲ್ಲೊಡನ್ ಬಯಲಿನಲ್ಲಿ ಸೋತ. ಆಮೇಲೆ ಹೈಲೆಂಡ್, ಅಂದರೆ ಸ್ಕಾಟ್ಲೆಂಡಿನ ಗುಡ್ಡನಾಡಿನ ಉಡುಗೆಗೇ ನಿಷೇಧ ಬಂತು; ಅದು ತೆರವಾದದ್ದು 1782ರಲ್ಲಿ. ಔತಣದಲ್ಲಿ ರಾಜನ ಹೆಸರಿನಲ್ಲಿ ಕುಡಿಯುವಾಗ ಜಾಕೋಬೈಟರು ಲೋಟವನ್ನು ನೀರಿನ ಬಟ್ಟಲಿನ ಮೇಲೆ ಹಾಯಿಸುತ್ತಿದ್ದರಂತೆ. ಬಾಯಲ್ಲಿ ‘ರಾಜನಿಗೆ’, ಮನಸ್ಸಿನಲ್ಲಿ ‘ಕಡಲಾಚೆಯ ರಾಜನಿಗೆ’. ಇವರ ಗಾಜಿನ ಲೋಟದ ಮೇಲೆ ಕೆತ್ತಿದ ಗುಲಾಬಿ, ಒಂದೆರಡು ಮೊಗ್ಗು, ಓಕ್ ಎಲೆ. ಕೆಲವದರಲ್ಲಿ ‘ಫಿಯಾಟ್’ ಎಂಬ ಮಾತು. ನಮ್ಮ ಹಳೆಯ ಕಾರಲ್ಲ, ‘ಹಾಗೆಯೇ ಆಗಲಿ’ ಎಂದರ್ಥ.

ಅನುಮಾನದ ಮೇಷ್ಟರು:
ಮೊಗ್ಗುಗಳು ಇಬ್ಬರು ರಾಜಕುಮಾರರು, ಚಾರ್ಲ್ಸ್ ಮತ್ತು ಅವನ ತಮ್ಮ ಹೆನ್ರಿ ಎನ್ನುತ್ತಾರೆ. ಆದರೆ ವಿದ್ವಾಂಸರಲ್ಲೇ ಜಗಳವಿದೆ. ಹೂವು ಕೆತ್ತುವುದು ಆ ಕಾಲದ ಎಲ್ಲ ಗಾಜಿನವರ ಅಭ್ಯಾಸ. ಜಾಣತನವಿದ್ದದ್ದೂ ಅಲ್ಲಿಯೇ: ಗುಲಾಬಿಯ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಲು ಯಾರಿಂದ ಸಾಧ್ಯ? ಟಿಪ್ಪುವಿನ ಹುಲಿಪಟ್ಟೆಗೆ ಇಂಥ ಮುಸುಕು ಬೇಕಿರಲಿಲ್ಲ, ಸಿಂಹಾಸನವೇ ಅವನದು. ಇನ್ನೊಂದು ಮಾತು. ಸಂಗ್ರಾಹಕರು ಮುಗಿಬಿದ್ದ ಮೇಲೆ ಹಳೆಯ ಲೋಟಗಳಿಗೆ ಹೊಸದಾಗಿ ಗುಲಾಬಿ ಕೆತ್ತಿ ಮಾರಿದವರೂ ಇದ್ದಾರೆ. ಹರಾಜಿನಲ್ಲಿ ಕೊಳ್ಳುವ ಮುಂಚೆ ಲೋಟದ ಜೊತೆಗೆ ಕೆತ್ತನೆಯ ವಯಸ್ಸನ್ನೂ ವಿಚಾರಿಸಿ.

ಮಲೆನಾಡಿನ ಅಜ್ಜಿ:
ಕೊಳ್ಳುವಷ್ಟು ದುಡ್ಡಿಲ್ಲ ಮೇಷ್ಟರೇ. ಮಗಳು ತೆಗೆದ ಫೋಟೊವನ್ನು ದೊಡ್ಡದಾಗಿ ಮುದ್ರಿಸಿ, ನಡುವೆ ನಮ್ಮ ಕಾಫಿ ಫಿಲ್ಟರ್ ನಿಲ್ಲಿಸಿ ನೋಡಿದೆ. ಹಣೆ, ಮೂಗು ಸರಿಯಾಗಿಯೇ ಬಂದವು. ಫಿಲ್ಟರ್ ತಗ್ಗಿದ ಕಡೆ ಗಲ್ಲ ಮಾತ್ರ ಸೊಟ್ಟಗಾಯಿತು.