ಟೊಮೆಟೊ ಕುಲ ಬದಲಾಗಿದ್ದು ಡಿಎನ್‌ಎ ಒಂದರಿಂದಲೇನಾ?

ಹಸಿರೆಲೆ:
ನಾನು ನೋಡಿಕೊಳ್ಳುವ ಹರ್ಬೇರಿಯಂನ (ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿಟ್ಟ ಸಂಗ್ರಹ) ಹಳೆಯ ಹಾಳೆಗಳಲ್ಲಿ ಟೊಮೆಟೊಗೆ ಲೈಕೋಪರ್ಸಿಕಾನ್ ಎಸ್ಕುಲೆಂಟಮ್ ಅಂತ ಇದೆ. ಈಗ ಅದು ಸೊಲ್ಯಾನಮ್ ಲೈಕೋಪರ್ಸಿಕಮ್. ಅಂದರೆ ಬದನೆ, ಆಲೂಗಡ್ಡೆ ಇರುವ ಸೊಲ್ಯಾನಮ್ ಕುಲಕ್ಕೇ (ಹತ್ತಿರದ ಜಾತಿಗಳ ಗುಂಪು) ಸೇರಿದೆ. ಆದರೆ ಟೊಮೆಟೊ ಹೂವಿನ ಪರಾಗಕೋಶ ಉದ್ದಕ್ಕೆ ಸೀಳುತ್ತದೆ. ಬದನೆ, ಆಲೂಗಡ್ಡೆಯದು ತುದಿಯ ತೂತಿನಿಂದ ಪರಾಗ ಉದುರಿಸುತ್ತದೆ. ಇಷ್ಟು ವ್ಯತ್ಯಾಸ ಕಣ್ಣಿಗೇ ಕಾಣುವಾಗ ಒಂದೇ ಕುಲಕ್ಕೆ ಸೇರಿಸಿದ್ದು ಸರಿಯಾ?

ಪರಾಗಪ್ರಿಯೆ:
ವ್ಯತ್ಯಾಸ ನಿಜವೇ. ಆದರೆ ಯಾರಿಗೆ ಯಾರು ಹತ್ತಿರ ಅನ್ನೋದು ಬೇರೆ ಪ್ರಶ್ನೆ. ಡಿಎನ್‌ಎ ಹೋಲಿಸಿದರೆ ಟೊಮೆಟೊಗೆ ಆಲೂಗಡ್ಡೆ ತೀರ ಹತ್ತಿರ, ಬದನೆ ಇವೆರಡಕ್ಕೂ ದೂರ. ಬದನೆ, ಆಲೂಗಡ್ಡೆಯನ್ನು ಒಟ್ಟಿಗಿಟ್ಟು ಟೊಮೆಟೊವನ್ನು ಹೊರಗಿಟ್ಟರೆ, ಒಡಹುಟ್ಟಿದವಳನ್ನು ಬಿಟ್ಟು ದೂರದ ನೆಂಟರನ್ನು ಮನೆಯವರು ಅಂದ ಹಾಗಾಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಸೊಲ್ಯಾನಮ್ ಪೆನ್ನೆಲಿಯೈ ಅನ್ನೋ ಕಾಡು ಟೊಮೆಟೊ ಇದೆ. ಅದರ ಪರಾಗಕೋಶ ತೆರೆಯೋದು ತುದಿಯ ತೂತಿನಿಂದಲೇ! ಅಂದರೆ ನೀವು ಹೇಳಿದ ಗೆರೆ ಹೂವಿನಲ್ಲೇ ಅಷ್ಟು ಖಚಿತವಾಗಿರಲಿಲ್ಲ. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1753ರಲ್ಲಿ ಟೊಮೆಟೊವನ್ನು ಸೊಲ್ಯಾನಮ್‌ನಲ್ಲೇ ಇಟ್ಟಿದ್ದ. ಮರುವರ್ಷ ಮಿಲ್ಲರ್ ಅನ್ನೋ ಸಸ್ಯತಜ್ಞ ಲೈಕೋಪರ್ಸಿಕಾನ್ ಅಂತ ಬೇರೆ ಕುಲ ಮಾಡಿದ. 1993ರಲ್ಲಿ ಸಸ್ಯವಿಜ್ಞಾನಿ ಸ್ಪೂನರ್ ಮತ್ತು ಜೊತೆಗಾರರು ಕ್ಲೋರೋಪ್ಲಾಸ್ಟ್‌ನ (ಜೀವಕೋಶದೊಳಗಿನ ಹಸಿರು ಕಣ) ಡಿಎನ್‌ಎ ನೋಡಿ ಮತ್ತೆ ಅಲ್ಲಿಗೇ ಸೇರಿಸಿದರು.

ಬೇರುಬಿಳಲು:
ಮೇಲಿನದಕ್ಕೆ ಒಂದು ಎಚ್ಚರಿಕೆ. ಬಹುತೇಕ ಹೂಗಿಡಗಳಲ್ಲಿ ಕ್ಲೋರೋಪ್ಲಾಸ್ಟ್ ಬರೋದು ತಾಯಿಯಿಂದ. ಮಿಶ್ರತಳಿಯಾದ ಗಿಡದಲ್ಲಿ ತಂದೆಯ ಕಡೆಯ ಕಥೆ ಅದರಲ್ಲಿ ಕಾಣೋದೇ ಇಲ್ಲ. ಅದಕ್ಕೇ ಜೀವಕೋಶದ ಕೇಂದ್ರದ ಜೀನ್‌ಗಳನ್ನೂ ನೋಡಬೇಕು. ಟೊಮೆಟೊ ವಿಷಯದಲ್ಲಿ ಅವೂ ಅದನ್ನೇ ಹೇಳಿವೆ.

ಹಸಿರೆಲೆ:
ಪೆನ್ನೆಲಿಯೈ ವಿಷಯ ಕೇಳಿ ಖುಷಿಯಾಯಿತು. ಹಾಗಾದರೆ ರೂಪ ನೋಡೋದು ಸುಮ್ನೆ ಅಂತಲ್ಲ, ಅಲ್ವಾ?

ಪರಾಗಪ್ರಿಯೆ:
ಖಂಡಿತ ಅಲ್ಲ. ತಾವರೆಯನ್ನೇ ನೋಡಿ. ನೀರಿನಲ್ಲಿ ಬೆಳೆಯುತ್ತದೆ, ಅಗಲ ಎಲೆ, ದೊಡ್ಡ ಹೂವು. ಹಾಗಾಗಿ ಎಷ್ಟೋ ಕಾಲ ನೈದಿಲೆಯ ಕುಟುಂಬಕ್ಕೇ ಸೇರಿಸುತ್ತಿದ್ದರು. ಆದರೆ ತಾವರೆಯ ಪರಾಗದಲ್ಲಿ ಮೂರು ಸೀಳು, ನೈದಿಲೆಯದರಲ್ಲಿ ಹಾಗಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಈ ಸುಳಿವು ಮೊದಲೇ ಇತ್ತು. ಆಮೇಲೆ ಡಿಎನ್‌ಎ ತಾವರೆಯನ್ನು ಪ್ಲೇನ್ ಮರದ (ಕಾಶ್ಮೀರದ ಚಿನಾರ್ ಇದೇ ಗುಂಪಿನದು) ಹತ್ತಿರ ಕೂರಿಸಿತು.

ನಿಮ್ಮ ಹಾಳೆಗಳ ಹಳೆಯ ಚೀಟಿ ಮಾತ್ರ ಕೀಳಬೇಡಿ. ಹೊಸ ಹೆಸರು, ಗುರುತಿಸಿದವರ ಹೆಸರು, ತಾರೀಖು ಬರೆದ ಇನ್ನೊಂದು ಚೀಟಿ ಪಕ್ಕಕ್ಕೆ ಅಂಟಿಸಿ.