ಕೊಳವೆಬಾವಿ ನೀರಿನಲ್ಲಿ ಮೀಥೇನ್: ವರದಿ ಬಂದಿದೆ, ದಯವಿಟ್ಟು ಓದಿ

ಕಾರ್ಯದರ್ಶಿ: ಮಾವಳ್ಳಿಪುರದ ಹಳೆಯ ಕಸದ ಗುಡ್ಡದ ಕಡೆಗಿರುವ ನಮ್ಮ ಎರಡು ಕೊಳವೆಬಾವಿಗಳ ವರದಿ ಬಂದಿದೆ. ಉದ್ಯಾನದ ಬಾವಿಯಲ್ಲಿ ಕರಗಿದ ಮೀಥೇನ್ ಇದೆ. ಅದೇ ನೀರಿನಲ್ಲಿ ಆಮ್ಲಜನಕ, ನೈಟ್ರೇಟ್ ಕೂಡ ಧಾರಾಳ. ಕೂಗಳತೆಯಲ್ಲಿರುವ ದೇವಸ್ಥಾನದ ಬಾವಿಯಲ್ಲಿ ಮೀಥೇನ್ ಸುಳಿವೇ ಇಲ್ಲ. ಯಾವುದನ್ನು ನಂಬುವುದು?

ಮನೆ 31: ಅಲ್ಲಿ ಕಸ ಸುರಿಯುವುದು ನಿಂತದ್ದು 2012ರಲ್ಲಿ. ಇನ್ನೂ ಅನಿಲವೇ? ಯಾರದೋ ವರದಿಯನ್ನು ನಮಗೆ ಕೊಟ್ಟಿರಬೇಕು.

ಮನೆ 9 (ನಿವೃತ್ತ ಭೂವಿಜ್ಞಾನಿ): ಸುರಿಯುವುದು ನಿಂತರೂ ಕೊಳೆಯುವುದು ದಶಕಗಟ್ಟಲೆ ನಡೆಯುತ್ತದೆ ಸರ್. ವಿಚಿತ್ರವೆಂದರೆ, ಆಮ್ಲಜನಕವೂ ನೈಟ್ರೇಟೂ ಬಹುಪಾಲು ಮುಗಿದ ಮೇಲೆಯೇ ಮೀಥೇನ್ ಹುಟ್ಟುತ್ತದೆ. ಮೂರೂ ಒಟ್ಟಿಗೆ ಸಿಕ್ಕಿವೆ ಎಂದರೆ ಏನೋ ಬೆರೆತಿದೆ. ಮಾದರಿ ಹೇಗೆ ತೆಗೆದಿರಿ?

ಕಾರ್ಯದರ್ಶಿ: ಸಂಪ್‌ಗೆ ಬೀಳುವ ಪೈಪಿನಿಂದ, ಪ್ಲಾಸ್ಟಿಕ್ ಕ್ಯಾನಿಗೆ.

ಮನೆ 9: ಸೋಡಾ ಬಾಟಲಿಯ ಮುಚ್ಚಳ ತೆಗೆದಿಟ್ಟು ಗ್ಯಾಸ್ ಅಳೆದ ಹಾಗಾಯಿತು. ಆಳದ ಒತ್ತಡದಲ್ಲಿ ಕರಗಿದ್ದ ಮೀಥೇನ್ ಮೇಲೆ ಬಂದೊಡನೆ ಹಾರಿಹೋಗುತ್ತದೆ, ಧುಮುಕುವ ನೀರಿಗೆ ಗಾಳಿಯ ಆಮ್ಲಜನಕ ಸೇರುತ್ತದೆ. ಹಾಗಾಗಿ ಆಮ್ಲಜನಕದ ಅಂಕಿಯನ್ನು ಮರೆತುಬಿಡಿ. ದೇವಸ್ಥಾನದ ಬಾವಿಯ ಸೊನ್ನೆಯನ್ನೂ ನಾನು ಒಪ್ಪುವುದಿಲ್ಲ. ನೈಟ್ರೇಟ್ ಮಾತ್ರ ಗಾಳಿಯಿಂದ ಬರುವಂಥದ್ದಲ್ಲ. ನಮ್ಮ ಕಡೆಯ ಗಟ್ಟಿ ಶಿಲೆಯಲ್ಲಿ ನೀರು ಬಿರುಕುಗಳಲ್ಲಿ ಹರಿಯುತ್ತದೆ. ಒಂದೇ ಬಾವಿಗೆ ಮೇಲಿನ ಬಿರುಕಿನಿಂದ ನೈಟ್ರೇಟ್ ನೀರು, ಕೆಳಗಿನದರಿಂದ ಮೀಥೇನ್ ನೀರು ಬರುತ್ತಿರಬಹುದು. ಪಕ್ಕದ ಬಾವಿಗೆ ಆ ಕೆಳಗಿನ ಬಿರುಕು ತಾಗದೆಯೂ ಇರಬಹುದು.

ಮನೆ 31: ಅಂದರೆ ಕಸದ ಗುಡ್ಡವೇ ಕಾರಣ ಎಂದು ಬರೆದುಕೊಡಿ, ಸೋಮವಾರವೇ ದೂರು ಕೊಡೋಣ.

ಮನೆ 9: ಬರೆದುಕೊಡಲಾರೆ. ನಮ್ಮದೇ ಶೌಚಗುಂಡಿಗಳ ಕೊಳಚೆಯೂ ಮೀಥೇನ್ ಕೊಡಬಲ್ಲದು. ಮೀಥೇನ್‌ನ ಜೊತೆ ಇಂಗಾಲದ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು), ಟ್ರಿಟಿಯಂ (ಜಲಜನಕದ ವಿಕಿರಣಶೀಲ ರೂಪ) ನೋಡಿಸಿದರೆ ಮೂಲದ ಸುಳಿವು ಸಿಗುತ್ತದೆ. ಕಸದ ರಸದಲ್ಲಿ ಟ್ರಿಟಿಯಂ ಹಲವೆಡೆ ಮಳೆನೀರಿಗಿಂತ ಹೆಚ್ಚಿರುತ್ತದೆ.

ಮನೆ 22: ಸರ್, ಕುಡಿದರೆ ಏನಾಗುತ್ತದೆ? ಮನೆಯಲ್ಲಿ ಚಿಕ್ಕ ಮಗುವಿದೆ.

ಮನೆ 9: ಕುಡಿಯುವ ನೀರಿನಲ್ಲಿ ಮೀಥೇನ್ ವಿಷವಲ್ಲ, ಮೇಡಂ. ಆದರೆ ಅದೇ ದಾರಿಯಲ್ಲಿ ಕಸದ ರಸದ ಅಮೋನಿಯಾ, ಲೋಹಗಳೂ ಬರಬಹುದು. ಆ ಪರೀಕ್ಷೆ ಆಗುವವರೆಗೆ ಅಡುಗೆಗೂ ಈ ನೀರು ಬೇಡ. ಮೀಥೇನ್‌ನ ಅಪಾಯವಿರುವುದು ಮುಚ್ಚಿದ ಸಂಪಿನಲ್ಲಿ: ಗಾಳಿಯಲ್ಲಿ ಶೇ. 5ರಿಂದ 15ರಷ್ಟಾದರೆ ಒಂದು ಕಿಡಿ ಸಾಕು. 1984ರಲ್ಲಿ ಇಂಗ್ಲೆಂಡಿನ ಅಬೀಸ್ಟೆಡ್‌ನ ನೀರಿನ ಕವಾಟಮನೆಯಲ್ಲಿ ಮೀಥೇನ್ ಸ್ಫೋಟಿಸಿ 16 ಜನ ಸತ್ತರು. ಅಲ್ಲಿನದು ಕಸದ ಅನಿಲವಲ್ಲ, ನೆಲದಾಳದ್ದು. ಕಿಡಿಗೆ ಆ ಭೇದವಿಲ್ಲ.

ಕಾರ್ಯದರ್ಶಿ: ಸರಿ. ಸಂಪಿಗೆ ಗಾಳಿ ಪೈಪು ಹಾಕಿಸುತ್ತೇನೆ. ಶುಚಿ ಮಾಡಲೆಂದು ಯಾರನ್ನೂ ಒಳಗೆ ಇಳಿಸಬೇಡಿ, ಹತ್ತಿರ ಬೀಡಿ, ಸಿಗರೇಟು ಬೇಡ. ಭಾನುವಾರ ಬೆಳಿಗ್ಗೆ 7ಕ್ಕೆ ಎರಡೂ ಬಾವಿಗಳ ಮಾದರಿ ಮತ್ತೆ ತೆಗೆಯೋಣ.

ಮನೆ 9: ಪಂಪ್ ಸಾಕಷ್ಟು ಹೊತ್ತು ಓಡಿದ ಮೇಲೆ, ಬಾವಿಯ ಬಾಯಿಯ ನಲ್ಲಿಯಿಂದಲೇ. ಗಾಜಿನ ಸೀಸೆಯ ತಳಕ್ಕೆ ಕೊಳವೆ ಇಳಿಸಿ, ಉಕ್ಕಿ ಹರಿಯಲು ಬಿಟ್ಟು, ಒಂದು ಗುಳ್ಳೆಯೂ ಇರದಂತೆ ಮುಚ್ಚಿ ಮಂಜುಗಡ್ಡೆಯಲ್ಲಿಡಬೇಕು. ಸೀಸೆಗಳನ್ನು ಪ್ರಯೋಗಾಲಯದಿಂದಲೇ ತರಿಸಿ.

ಮನೆ 31: ಮತ್ತೆ ಚಂದಾ ಎತ್ತುತ್ತೀರಾ?

ಕಾರ್ಯದರ್ಶಿ: ಎತ್ತುತ್ತೇವೆ. ಉದ್ಯಾನದ ಪಂಪ್‌ಮನೆಯ ಬೀಗದ ಕೈ ಯಾರ ಹತ್ತಿರವಿದೆ, ಮೊದಲು ಅದನ್ನು ಹೇಳಿ.